ಚಿಮಣಿಯ ಚರಿತ್ರೆಗೆ ಮಾಷ್ಟ್ರ ಫೋಟೋ

ನಮ್ಮ ಲೈಬ್ರರಿಯ ಗೋಡೆಯ ಮೇಲೆ ‘ದಯವಿಟ್ಟು ನಿಶ್ಶಬ್ದ’ ಅಂತ ಒಂದು ಬೋರ್ಡಿದೆ. ನಾನು ಕೆಲಸಕ್ಕೆ ಸೇರಿದ ದಿನದಿಂದ ಈ ಊರಿನ ದೊಡ್ಡ ದೊಡ್ಡ ಗಲಾಟೆಗಳೆಲ್ಲ ಅದರ ಕೆಳಗೇ ಆಗಿವೆ. ಊರು ಕುಂದಾಪುರ, ಬೈಂದೂರಿನ ನಡುವೆ ಎಲ್ಲೋ ಇದೆ. ಹೆಸರು ಹೇಳುವುದಿಲ್ಲ, ಹೇಳಿದರೆ ನಾಳೆ ನಾನು ಬಸ್ ಸ್ಟಾಪಿನಲ್ಲಿ ನಿಲ್ಲುವ ಹಾಗಿಲ್ಲ. ಉಳಿದ ಗಲಾಟೆ ಬಿಡಿ, ಚಿಮಣಿಯ ಉಪನ್ಯಾಸದ ಕತೆಯನ್ನಂತೂ ಹೇಳದೆ ರಿಟೈರ್ ಆದರೆ ನನಗೆ ಅಜೀರ್ಣವಾಗುತ್ತದೆ.

೧. ಎಲ್ಲರ ಬೆನ್ನು

ತಿಂಗಳಿಗೊಂದು ಉಪನ್ಯಾಸ ಮಾಡಿಸಬೇಕು, ಫೋಟೋ ಕಳಿಸಬೇಕು ಅಂತ ಮೇಲಿನಿಂದ ಆರ್ಡರ್ ಬಂತು. ಮೊದಲನೆಯದಕ್ಕೆ ಬ್ರಹ್ಮಾವರದ ಕಡೆಯ ಉಪನ್ಯಾಸಕರೊಬ್ಬರನ್ನು ಕರೆಸಿದೆ. ವಿಷಯ, ನಮ್ಮ ಹೊಳೆಯ ಇತಿಹಾಸ. ಹನ್ನೊಂದು ಜನ ಇದ್ದರು. ಅವರಲ್ಲಿ ಒಂಬತ್ತು ಮಂದಿ ಪೇಪರ್ ಓದಲು ಬಂದು ಸಿಕ್ಕಿಹಾಕಿಕೊಂಡವರು.

ಉಪನ್ಯಾಸಕರು ಹೊಳೆಯ ಮೂಲದಿಂದ ಹೊರಟು ಅರ್ಧ ದಾರಿ ಬಂದಿರಬಹುದು, ಹೊರಗೆ ‘ಪೋಂ ಪೋಂ’ ಕೇಳಿತು. ನಮ್ಮೂರಿನ ಮೀನಿನ ಸ್ಕೂಟರು. ನಾನು ಕಣ್ಣು ಮಿಟುಕಿಸುವುದರೊಳಗೆ ಹನ್ನೊಂದು ಜನವೂ ಬಾಗಿಲಲ್ಲಿದ್ದರು.

ಭಾಷಣಕಾರರು ನನ್ನ ಕಡೆ ತಿರುಗಿ, “ವಿರಾಮವೇ?” ಅಂದರು.

“ಇಲ್ಲ ಸರ್, ಬಂಗುಡೆ,” ಅಂದೆ.

ಅವರು ಕನ್ನಡಕ ತೆಗೆದು ಕಿಸೆಗೆ ಹಾಕಿಕೊಂಡರು. “ತಾಜಾ ಉಂಟಾ?” ಅಂತ ಕೇಳುತ್ತಾ ತಾವೂ ಇಳಿದರು. ಹೊಳೆ ಸಮುದ್ರ ಸೇರಲೇ ಇಲ್ಲ. ನಾವು ಹೊದಿಸಿದ ಶಾಲು ಅವರ ಹೆಗಲ ಮೇಲೆ, ಶಾಲಿನ ಪ್ಲಾಸ್ಟಿಕ್ ಕವರಿನಲ್ಲಿ ಎಂಟು ಬಂಗುಡೆ, ಹೀಗೆ ಬಸ್ ಹತ್ತಿದರು. ನಾನು ಮೇಲಕ್ಕೆ ಕಳಿಸಿದ ಫೋಟೋದಲ್ಲಿ ಸಭಿಕರೆಲ್ಲರ ಬೆನ್ನು ಬಹಳ ಚೆನ್ನಾಗಿ ಬಂದಿತ್ತು.

೨. ಹದಿನಾಲ್ಕು ಅಜ್ಜಂದಿರು

ಎರಡನೇ ಉಪನ್ಯಾಸಕ್ಕೆ ನಮ್ಮ ಮಾಷ್ಟ್ರನ್ನೇ ಕೇಳಿದೆ. ಐದನೇ ಕ್ಲಾಸಿನಲ್ಲಿ ನನಗೆ ಪಾಠ ಮಾಡಿದವರು. ರಿಟೈರ್ ಆದ ಮೇಲೆ ದಿನಾ ಬೆಳಿಗ್ಗೆ ಲೈಬ್ರರಿಗೆ ಬಂದು, ಪೇಪರಿನಲ್ಲಿರುವ ತಪ್ಪುಗಳಿಗೆ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿ ಹೋಗುತ್ತಿದ್ದರು. ಅವರಿಗೊಂದು ಹುಚ್ಚು. ಹೊಳೆ ಬದಿಯಲ್ಲಿ ಹಳೇ ಹಂಚಿನ ಕಾರ್ಖಾನೆಯ ಚಿಮಣಿ ಇದೆಯಲ್ಲ, ಅದರ ಚರಿತ್ರೆ. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು, ಹಂಚೂ ಇಲ್ಲ, ಗೋಡೆಯೂ ಇಲ್ಲ, ಚಿಮಣಿ ಮಾತ್ರ ನಿಂತಿದೆ. ದೋಣಿಯವರು ಸಮುದ್ರದಿಂದ ದಡ ಗುರುತಿಸುವುದು ಅದನ್ನು ನೋಡಿ. ಬಸ್ಸಿನಲ್ಲಿ ನಿದ್ದೆ ಹೋದವರು ದಡಬಡಿಸಿ ಏಳುವುದೂ ಅದನ್ನು ನೋಡಿಯೇ.

ಮಾಷ್ಟ್ರು ಮನೆ ಮನೆಗೆ ಹೋಗಿ ಕೇಳಿ ಆರು ನೋಟ್ ಬುಕ್ ತುಂಬಿಸಿದ್ದರು. ಆದರೆ ಒಂದು ತೊಡಕಿತ್ತು. ಚಿಮಣಿಯ ತುದಿಯಲ್ಲಿ ಕೊನೆಯ ಇಟ್ಟಿಗೆ ಇಟ್ಟದ್ದು ನಮ್ಮಜ್ಜ ಅಂತ ಊರಿನಲ್ಲಿ ಹದಿನಾಲ್ಕು ಮನೆಯವರು ಹೇಳುತ್ತಿದ್ದರು. ಮದುವೆ ಊಟದ ಪಂಕ್ತಿಯಲ್ಲಿ ಈ ಮಾತೆದ್ದರೆ ಪಾಯಸ ಬರುವ ಮೊದಲೇ ಎದ್ದು ಹೋದವರಿದ್ದಾರೆ.

ಕೇಳಿದ ಕೂಡಲೇ ಮಾಷ್ಟ್ರ ಮುಖ ಅರಳಿತು, ಅಷ್ಟೇ ಬೇಗ ಗಂಭೀರವಾಯಿತು. “ಕಾಣ್ ಹೆಣೇ,” ಅಂದರು. ನನಗೆ ಐವತ್ತಾದರೂ ಅವರಿಗೆ ನಾನು ‘ಹೆಣೆ’, ಅಂದರೆ ಸಣ್ಣ ಹುಡುಗಿಯೇ. “ಇಷ್ಟ್ ವರ್ಷಕ್ಕೆ ನನ್ನನ್ನ್ ಕೇಂಡದ್ದ್ ನೀನೊಬ್ಬಳೇ. ಮಾತಾಡ್ತೆ. ಆದ್ರೆ ಖಾಲಿ ಕುರ್ಚಿಗೆ ಪಾಠ ಮಾಡ್ತಿಲ್ಲೆ. ನಲವತ್ತ್ ಜನ ಬಾರದಿದ್ರೆ ಈ ಆರೂ ಬುಕ್ ಬಚ್ಚಲ ಒಲೆಗೆ.”

ಹೇಳಿದರೆ ಮಾಡುವ ಜನ ಅವರು. ಆದರೂ ಬಾಯಿ ಸುಮ್ಮನಿರಬೇಕಲ್ಲ, “ನಲವತ್ತೆಂತ ಮಾಷ್ಟ್ರೇ, ಐವತ್ತ್ ಬತ್ರ್!” ಅಂದುಬಿಟ್ಟೆ.

ಆಮೇಲೆ ಮನೆ ಮನೆ ತಿರುಗಿದೆ. ಎಲ್ಲರೂ ನಗುನಗುತ್ತಾ, “ಕಾಂಬ ಅಕ್ಕ, ಬಪ್ಪುಕ್ ಕಾಂಬ,” ಅಂದರು. ನಮ್ಮ ಕಡೆ ‘ಬರುವುದಿಲ್ಲ’ ಅನ್ನುವುದನ್ನು ಮರ್ಯಾದೆಯಿಂದ ಹೇಳುವುದು ಹೀಗೆಯೇ, ‘ಬರಲು ನೋಡುವ’ ಅಂತ.

೩. ಗಂಧದ ಹಾರ

ಕೊನೆಗೆ ಪೋಸ್ಟರ್ ಮಾಡಿಸುವ ಅಂತ ಝೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವನು, “ಭಾಷಣ ಮಾಡುವವರ ಫೋಟೋ ಹಾಕಿದ್ರೆ ಜನ ಬತ್ರ್,” ಅಂದ. ಮಾಷ್ಟ್ರಲ್ಲಿ ಇದ್ದದ್ದು ಒಂದೇ ಫೋಟೋ. ರಿಟೈರ್ ಆದ ದಿನ ಶಾಲೆಯಲ್ಲಿ ತೆಗೆದದ್ದು, ಹಣೆಗೆ ಕುಂಕುಮ, ಕುತ್ತಿಗೆಗೆ ಗಂಧದ ಹಾರ.

ಅವನು ಅದನ್ನೇ ದೊಡ್ಡದು ಮಾಡಿ, ಸುತ್ತ ದಪ್ಪ ಕಪ್ಪು ಗೆರೆ ಎಳೆದ. ಕೆಳಗೆ ಮಾಷ್ಟ್ರ ಹೆಸರು, ನಿವೃತ್ತ ಶಿಕ್ಷಕರು, ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಲೈಬ್ರರಿಯಲ್ಲಿ ಸಭೆ, ತಾವೆಲ್ಲರೂ ಬರಬೇಕಾಗಿ ವಿನಂತಿ. ‘ಚಿಮಣಿಯ ಚರಿತ್ರೆ’ ಅನ್ನುವ ಸಾಲು ಮಷಿನ್ನಿನ ಶಾಯಿ ಸಾಲದೆ ಮಸುಕಾಗಿ ಹೋಗಿತ್ತು. ಶನಿವಾರ ಬೆಳಿಗ್ಗೆ ಬಸ್ ಸ್ಟಾಪು, ಹಾಲಿನ ಡೈರಿ, ಕರೆಂಟು ಕಂಬ, ಎಲ್ಲ ಕಡೆ ನಾನೇ ಅಂಟಿಸಿದೆ.

ನಮ್ಮೂರಿನಲ್ಲಿ ಬಸ್ ಸ್ಟಾಪಿನ ಕಂಬದ ಮೇಲೆ ಹಾರ ಹಾಕಿದ ಕಪ್ಪು ಬಿಳುಪು ಫೋಟೋ ಕಂಡರೆ ಅದಕ್ಕೆ ಒಂದೇ ಅರ್ಥ. ಅವರು ತೀರಿಕೊಂಡಿದ್ದಾರೆ, ಶ್ರದ್ಧಾಂಜಲಿ ಸಭೆಯಿದೆ. ಇದು ಹಾಲು ಕುಡಿಯುವ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ನನ್ನ ತಲೆಯಲ್ಲಿ ಆಗ ನಲವತ್ತು ಕುರ್ಚಿ ಬಿಟ್ಟು ಬೇರೇನೂ ಇರಲಿಲ್ಲ. ಮಾಷ್ಟ್ರನ್ನೇ ನೋಡಿ ಜನ ಸಮಾಧಾನಪಡುವ ಅಂದರೆ, ಅವರು ಭಾಷಣದ ತಯಾರಿಗೆ ಅಂತ ಗುರುವಾರವೇ ಮನೆಗೆ ಬೀಗ ಹಾಕಿ ಕೋಟೇಶ್ವರದ ಮಗಳ ಮನೆಗೆ ಹೋಗಿದ್ದರು. ಬೀಗ ಕಂಡವರು, ಪಾಪ, ಮಗಳ ಮನೆಯಲ್ಲೇ ಎಲ್ಲ ಮುಗಿಯಿತು ಅಂದುಕೊಂಡರು.

ಮಧ್ಯಾಹ್ನ ಆ ಸ್ಕೂಟರಿನ ಮೀನಿನಣ್ಣ ಲೈಬ್ರರಿಗೆ ಬಂದ. ಮುಖ ಬಾಡಿತ್ತು. “ಅಕ್ಕ, ನಾಳೆ ನಾನ್ ಮೀನ್ ತತ್ತಿಲ್ಲೆ. ಸಭೆಗೆ ಬತ್ತೆ,” ಅಂದ.

ನನಗೆ ಕಣ್ಣಲ್ಲಿ ನೀರೇ ಬಂತು. “ಇತಿಹಾಸದ ಮೇಲೆ ನಿಮ್ಗೆ ಇಷ್ಟ್ ಪ್ರೀತಿ ಇತ್ತಂದ್ ನಂಗ್ ಗೊತ್ತೇ ಇರ್ಲಿಲ್ಲೆ!” ಅಂದೆ. ಅವನು ನನ್ನನ್ನು ಒಂದು ತರಹ ನೋಡಿ ಹೋದ.

೪. ನಾನು ಬಾಯಿ ಮುಚ್ಚಿಕೊಂಡದ್ದು

ಭಾನುವಾರ ಹತ್ತು ಗಂಟೆಗೇ ಹಾಲ್ ತುಂಬಿತು. ನಲವತ್ತು ಕುರ್ಚಿ ಸಾಲದೆ ಪಕ್ಕದ ಶಾಮಿಯಾನದವರಿಂದ ಇನ್ನೂ ಅರವತ್ತು ತರಿಸಿದೆ. ಖುಷಿಯಲ್ಲಿ ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹದಿನಾಲ್ಕು ಅಜ್ಜಂದಿರ ಮನೆಯವರೂ ಬಂದು, ಜಗಳವಿಲ್ಲದೆ ಒಂದೇ ಸಾಲಿನಲ್ಲಿ ಕೂತಿದ್ದರು. ಎಲ್ಲರೂ ಬಿಳಿ ಅಂಗಿ ಹಾಕಿದ್ದು ಯಾಕೆ ಅಂತ ಆಗ ಸ್ವಲ್ಪ ಅನುಮಾನ ಬಂತು.

ಅಷ್ಟರಲ್ಲಿ ಮುಂಬೈಯಲ್ಲಿ ಹೋಟೆಲಿಟ್ಟಿರುವ ಒಬ್ಬರು, ಮಾಷ್ಟ್ರ ಹಳೇ ಶಿಷ್ಯ, ನಾಲ್ಕು ಹಾಳೆ ಹಿಡಿದುಕೊಂಡು ಬಂದರು. “ಅಕ್ಕ, ರಜೆಗೆ ಊರಿಗ್ ಬಂದಿದ್ದೆ, ಮೊದ್ಲ್ ನಾನೇ ಮಾತಾಡ್ಲಾ?” ಅಂತ ಹಾಳೆ ನನ್ನ ಕೈಗಿಟ್ಟರು. ಮೊದಲ ಸಾಲು ಓದಿದೆ. ‘ನಮ್ಮನ್ನೆಲ್ಲ ಅಗಲಿದ ನಮ್ಮ ಪ್ರೀತಿಯ ಮಾಷ್ಟ್ರು...’

ಜೀವ ಬಾಯಿಗೆ ಬಂತು! ಮೇಜಿನ ಕಡೆ ನೋಡುತ್ತೇನೆ, ಯಾರೋ ಪೋಸ್ಟರನ್ನು ಕುರ್ಚಿಗೆ ಒರಗಿಸಿ, ಹೂ ಇಟ್ಟು, ದೀಪವನ್ನೂ ಹಚ್ಚಿದ್ದಾರೆ.

ಈಗ ಸತ್ಯ ಹೇಳಿದರೆ ಹಾಲ್ ಖಾಲಿ, ಹಾಲ್ ಖಾಲಿಯಾದರೆ ಆರು ನೋಟ್ ಬುಕ್ ಬಚ್ಚಲ ಒಲೆಗೆ. ನಾನು ದೇವರಿಗೆ ಮನಸ್ಸಿನಲ್ಲೇ ಕೈ ಮುಗಿದು ಬಾಯಿ ಮುಚ್ಚಿಕೊಂಡೆ. ನನ್ನ ಜನ್ಮದಲ್ಲಿ ಬಾಯಿ ಮುಚ್ಚಿಕೊಂಡದ್ದು ಅದೊಂದೇ ಸಲ ಅಂತ ನಮ್ಮನೆಯವರು ಈಗಲೂ ಹೇಳುತ್ತಾರೆ.

೫. ಎರಡು ನಿಮಿಷ

ಊರಿನ ಹಿರಿಯರೊಬ್ಬರು ಎದ್ದು, “ಎಲ್ರೂ ಎದ್ದ್ ನಿಲ್ಲಿ, ಎರಡ್ ನಿಮಿಷ ಮೌನ,” ಅಂದರು. ನೂರು ಜನ ಎದ್ದು ತಲೆ ತಗ್ಗಿಸಿದರು. ಆ ಬೋರ್ಡಿನ ಕೆಳಗೆ ಅಷ್ಟು ನಿಶ್ಶಬ್ದ ನಾನು ಕಂಡದ್ದೇ ಇಲ್ಲ.

ಆಗ ಮಾಷ್ಟ್ರು ಬಂದರು. ಕಂಕುಳಲ್ಲಿ ಕೊಡೆ, ಚೀಲದಲ್ಲಿ ಆರು ನೋಟ್ ಬುಕ್. ಬಾಗಿಲಲ್ಲಿ ನಿಂತು ನೋಡಿದರು. ಎಲ್ಲರೂ ತಲೆ ತಗ್ಗಿಸಿದ್ದಾರೆ. ಯಾರೋ ಹೋಗಿರಬೇಕು ಅಂದುಕೊಂಡು, ಕೊಡೆಯನ್ನು ಗೋಡೆಗೆ ಒರಗಿಸಿ, ಹಿಂದಿನ ಸಾಲಿನಲ್ಲಿ ತಾವೂ ಕೈ ಮುಗಿದು ತಲೆ ತಗ್ಗಿಸಿ ನಿಂತರು. ನಾನು ಎದುರಿನಿಂದ ಎಲ್ಲ ನೋಡುತ್ತಿದ್ದೆ. ನಗುವನ್ನು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಜನ ನಾನು ಅಳುತ್ತಿದ್ದೇನೆ ಅಂದುಕೊಂಡರು.

ಎರಡು ನಿಮಿಷ ಮುಗಿದರೂ ಯಾರೂ ಕೂರಲಿಲ್ಲ. ಮಾಷ್ಟ್ರಿಗೆ ತಡೆಯಲಾಗಲಿಲ್ಲ. ಕ್ಲಾಸಿನ ಗಂಟಲಿನಲ್ಲಿ, “ಸಾಕ್, ಕೂಕಣಿ!” ಅಂದರು. ನೂರು ಜನವೂ ಹಳೇ ಅಭ್ಯಾಸದಲ್ಲಿ ದಡಕ್ಕನೆ ಕೂತರು. ಕೂತ ಮೇಲೆ ಒಬ್ಬೊಬ್ಬರಾಗಿ ಹಿಂದೆ ತಿರುಗಿದರು.

ಮುಂದಿನ ಸಾಲಿನಲ್ಲಿ ಒಬ್ಬರು ಅಜ್ಜಿ ಇದ್ದರು, ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು. ಅವರು ಎದೆ ಹಿಡಿದುಕೊಂಡು, “ಅಯ್ಯೋ ಮಾಷ್ಟ್ರೇ, ನೀವ್ ಸತ್ತದ್ದಲ್ದಾ?” ಅಂದರು.

“ಇಲ್ಲೆ,” ಅಂದರು ಮಾಷ್ಟ್ರು, “ಬಸ್ ಲೇಟ್.”

೬. ಅರ್ಜೆಂಟ್ ಇಲ್ಲೆ

ಹಾಲ್ ಎದ್ದು ಕುಣಿಯಿತು. ಕೆಲವರು ಅತ್ತರು, ಕೆಲವರು ಅವರನ್ನು ಮುಟ್ಟಿ ನೋಡಿದರು, ಹೆಚ್ಚಿನವರು ನನ್ನನ್ನು ಬೈದರು. ಆಮೇಲೆ ಕುರ್ಚಿಗಳು ಸರಿಯುವ ಸದ್ದು ಶುರುವಾಯಿತು. ಮಾಷ್ಟ್ರು ತಮ್ಮ ಫೋಟೋ, ಹೂ, ದೀಪ ನೋಡಿದರು. ಚೀಲವನ್ನು ಎದೆಗೆ ಒತ್ತಿಕೊಂಡು, “ಹಂಗಾರೆ ಯಾರೂ ಚಿಮಣಿಗೆ ಬಂದದ್ದಲ್ಲ,” ಅಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ಮೀನಿನಣ್ಣ ಎದ್ದು ಬಾಗಿಲಿಗೆ ಅಡ್ಡ ನಿಂತ. “ಹ್ವಾಯ್! ನಾನ್ ಭಾನುವಾರದ ಮೀನ್ ಬಿಟ್ಟ್ ಬಂದಿದ್ದೆ. ಮಾಷ್ಟ್ರು ಸಾಯದಿದ್ರೂ ಅಡ್ಡಿಲ್ಲೆ, ಎಂತಾರೂ ಒಂದ್ ಕೇಂಡೇ ಹೋಪ್ದ್. ಎಲ್ರೂ ಕೂಕಣಿ!”

ಭಾನುವಾರದ ಮೀನು ಬಿಡುವುದೆಂದರೆ ಏನು ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಎಲ್ಲರೂ ಕೂತರು.

ಮುಂಬೈಯವರು ಮಾತ್ರ, ರಾತ್ರಿಯಿಡೀ ಕೂತು ಬರೆದದ್ದು, ಓದಿಯೇ ಓದುತ್ತೇನೆ ಅಂದರು. ಓದಿದರು. ಮಾಷ್ಟ್ರು ಎದುರಿಗೇ ಕೂತು, ತಮ್ಮ ಗುಣಗಾನವನ್ನೆಲ್ಲ ಕಣ್ಣು ಮುಚ್ಚಿ ಕೇಳಿದರು. ಒಂದು ಸಲ ಮಾತ್ರ ತಡೆದರು. “ಒಂದ್ ದಿನವೂ ಹೊಡೆದದ್ದಿಲ್ಲೆ ಅಂದ್ ಬರ್ದೆ ಅಲ್ದಾ, ಅದ್ ಸುಳ್ಳ್.”

ಆಮೇಲೆ ಚಿಮಣಿ. ಒಂದೂಕಾಲು ಗಂಟೆ ಒಂದು ಕುರ್ಚಿಯೂ ಅಲುಗಲಿಲ್ಲ. ಕೊನೆಗೆ ಕೊನೆಯ ಇಟ್ಟಿಗೆಯ ವಿಷಯ ಬಂತು, ಹದಿನಾಲ್ಕು ಮನೆಯವರೂ ಕತ್ತು ಉದ್ದ ಮಾಡಿದರು. ಮಾಷ್ಟ್ರು ಆರನೇ ಬುಕ್ ತೆರೆದರು. “ಆ ತುದಿಗೆ ಸಿಡಿಲ್ ಹೊಡ್ದದ್ದ್ ಒಂದ್ ಸಲ ಅಲ್ಲ. ಬಿದ್ದಾಗೆಲ್ಲ ಒಬ್ಬೊಬ್ರ್ ಹತ್ತಿ ಸರಿ ಮಾಡಿರ್. ಒಬ್ರಾದ ಮೇಲೆ ಒಬ್ರ್, ಹದಿನಾಲ್ಕ್ ಅಜ್ಜಂದಿರೂ ಕೊನೇ ಇಟ್ಟಿಗೆ ಇಟ್ಟವ್ರೇ. ನಿಮ್ಮಲ್ಲಿ ಯಾರೂ ಸುಳ್ಳ್ ಹೇಳ್ಲಿಲ್ಲೆ.”

ಚಪ್ಪಾಳೆಯೋ ಚಪ್ಪಾಳೆ. ವರ್ಷಗಟ್ಟಲೆ ಮಾತು ಬಿಟ್ಟವರು ಕೈ ಕುಲುಕಿದರು. ಅಜ್ಜಿ ಮಾತ್ರ ಎದ್ದು ಸೊಂಟಕ್ಕೆ ಕೈ ಕೊಟ್ಟು, “ಎಲ್ರೂ ಮೇಲಿನ್ ಇಟ್ಟಿಗೆ ಕೇಂತ್ರಿ, ಕೆಳಗಿಂದ್ ಯಾರೂ ಕೇಂತ್ರಿಲ್ಲೆ. ಅದನ್ನ್ ಹೊತ್ತ್ ತಂದದ್ದ್ ನಮ್ಮಜ್ಜಿ!” ಅಂದರು. ಮಾಷ್ಟ್ರು ಸಂತೋಷದಿಂದ ಅಲ್ಲೇ ಬರೆದುಕೊಂಡರು. ಏಳನೇ ಬುಕ್ ಶುರುವಾಯಿತು.

ಹೊರಡುವಾಗ ಮುಂಬೈಯವರು ಆ ನಾಲ್ಕು ಹಾಳೆಯನ್ನು ನನ್ನ ಕೈಗಿಟ್ಟು, “ಜೋಪಾನ ಇಡಿ ಅಕ್ಕ. ಇವತ್ತಲ್ಲ ನಾಳೆ ಬೇಕಾತ್ತಲ್ದಾ,” ಅಂತ ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ್ದು ಮಾಷ್ಟ್ರಿಗೆ ಕೇಳಿತು. ಕೈ ಚಾಚಿ, “ಇಲ್ಲಿ ಕೊಡ್,” ಅಂದರು. ಹಾಳೆ ಮಡಚಿ ಕಿಸೆಗೆ ಹಾಕಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಪೇಪರ್ ಓದಲು ಬಂದ ಮಾಷ್ಟ್ರು ಅದನ್ನು ನನ್ನ ಮೇಜಿನ ಮೇಲಿಟ್ಟರು. ನಾಲ್ಕು ಹಾಳೆಯ ತುಂಬ ಕೆಂಪು ಗೆರೆ, ಕೊನೆಯಲ್ಲಿ ‘ಹತ್ತಕ್ಕೆ ಆರೂವರೆ’ ಅಂತ ಅಂಕ, ಕೆಳಗೆ ಸಹಿ.

“ಅವನಿಗೆ ಫೋನ್ ಮಾಡ್ ಹೆಣೇ,” ಅಂದರು. “ಕೊನೇ ಪ್ಯಾರಾ ಸ್ವಲ್ಪ ಸಪ್ಪೆ. ಇನ್ನೊಂದ್ ಸಲ ಬರೆಯೂಕ್ ಹೇಳ್. ಅರ್ಜೆಂಟ್ ಎಂತದೂ ಇಲ್ಲೆ.”