ಒಳಗೆ ಬಿಡುವ, ಹೊರಗೆ ಬಿಡದ ಸಾಹುಕಾರ

ನಾಯಿಗೆ ಅನ್ನ ಹಾಕಲು ಬುದ್ಧಿ ಬೇಕಿಲ್ಲ, ತಪ್ಪಲೆ ಇದ್ದರೆ ಸಾಕು ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ನಮ್ಮ ಪಕ್ಕದ ಮನೆಯ ವೀರಭದ್ರಪ್ಪನವರು ಹೆಂಡತಿಯೊಡನೆ ಊಟಿಗೆ ಹೊರಟಾಗ ಮುಖ ಸಣ್ಣದು ಮಾಡಿಕೊಂಡು, "ನಮ್ಮ ಸಾಹುಕಾರನ್ನ ಯಾರ ಕೈಯಾಗ ಬಿಡೋದ್ರಿ?" ಎಂದರು.

ಸಾಹುಕಾರ ಎಂದರೆ ಅವರ ನಾಯಿ. ಎತ್ತರದಲ್ಲಿ ಕರು, ಗಾಂಭೀರ್ಯದಲ್ಲಿ ಜಿಲ್ಲಾಧಿಕಾರಿ. ಬೊಗಳುವುದೇ ಇಲ್ಲ. ಗೇಟು ತೆರೆದವರಿಗೆಲ್ಲ ಬಾಲ ಅಲ್ಲಾಡಿಸುತ್ತಾನೆ.

"ನಾನಿಲ್ಲೇನ್ರಿ? ಆರಾಮ ಹೋಗಿ ಬರ್ರಿ" ಎಂದೆ.

"ಅಲ್ರೀ, ಅವಂದೊಂದು ಚಾಳಿ ಐತಿ..."

"ನಾಯಿ ಅಂದಮ್ಯಾಲೆ ಚಾಳಿ ಇರ್ತಾವ! ಬಸ್ ತಪ್ಪೀತು, ಜಲ್ದಿ ನಡೀರಿ!"

ಪಾಪ, ಅವರು ಹೇಳುವ ಮಾತು ನುಂಗಿಕೊಂಡು ಬಸ್ ಹತ್ತಿದರು.

ಮರುದಿನವೇ ನಮ್ಮ ಮಗಳು ಸುಮಾಳನ್ನು ನೋಡಲು ಕಂಪ್ಲಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಹಿಂದೆ ಬಂದವರನ್ನೆಲ್ಲ ಸುಮಾ, "ಹಿರಿಯರು ಸುತ್ತ ಕುಂತು ನೋಡೂ ಮುಂದ ನಾ ಏನ್ ಮಾತಾಡ್ಲಿ?" ಎಂದು ಬೇಡವೆಂದಿದ್ದಳು. ಈ ಸಲ ಕೆಡಬಾರದೆಂದು ನನ್ನ ಹೆಂಡತಿ ಶಾಂತಾ ಹುಗ್ಗಿ ಮಾಡುತ್ತಿದ್ದಳು. ನಾನು ಹೊಸ ರೇಷ್ಮೆ ಅಂಚಿನ ಪಂಚೆ ಉಟ್ಟು, ಮೊಸರನ್ನದ ತಪ್ಪಲೆ ಹಿಡಿದೆ.

"ಅವ್ರು ಬರೂ ಹೊತ್ತಾತು. ಈಗ್ಯಾಕ ಹೊಂಟ್ರಿ?"

"ಹಿಂಗ ಹೋಗಿ ಹಂಗ ಬಂದೆ!"

ಹಿಂಗ ಹೋದದ್ದು ನಿಜ. ಸಾಹುಕಾರ ಬಾಲ ಅಲ್ಲಾಡಿಸಿ ಸ್ವಾಗತಿಸಿದ, ಅನ್ನ ಮುಗಿಸಿದ, ತಪ್ಪಲೆಯನ್ನೂ ನೆಕ್ಕಿದ. ನಾನು ಅದನ್ನೆತ್ತಿಕೊಂಡು ಗೇಟಿನತ್ತ ತಿರುಗಿದೆ. ಅವನು ನನಗಿಂತ ಮೊದಲೇ ಹೋಗಿ ಗೇಟಿಗೆ ಅಡ್ಡ ಕುಳಿತು, ಮೆಲ್ಲಗೆ ತುಟಿ ಸರಿಸಿ ಹಲ್ಲು ತೋರಿಸಿದ.

ಅಷ್ಟೇ. ನನಗೆ ಅಷ್ಟೇ ಸಾಕಾಯಿತು!

ಕಾಂಪೌಂಡ್ ಹಾರೋಣವೆಂದು ಒಂದು ಕಾಲು ಎತ್ತಿದೆ. ಪಂಚೆಯ ರೇಷ್ಮೆ ಅಂಚು ಸಾಹುಕಾರನ ಬಾಯಿ ಸೇರಿತು. ಮಾನ ಮುಖ್ಯವೋ ಸ್ವಾತಂತ್ರ್ಯ ಮುಖ್ಯವೋ ಎಂದು ಯೋಚಿಸಿ, ಮಾನವನ್ನು ಆರಿಸಿಕೊಂಡು ಕೆಳಗಿಳಿದೆ.

"ಶಾಂತಾ!" ಎಂದು ಕೂಗಿದೆ. ಹುಗ್ಗಿ ತಿರುವುತ್ತಿದ್ದ ಸೌಟಿನ ಸಮೇತ ಓಡಿ ಬಂದಳು. ಸಾಹುಕಾರ ಆಕೆಗೂ ಬಾಲ ಅಲ್ಲಾಡಿಸಿ ದಾರಿ ಬಿಟ್ಟ. "ಇಷ್ಟು ಸಂಭಾವಿತ ನಾಯಿಗೆ ಹೆದರ್ತೀರಲ್ರೀ!" ಎಂದು ಒಳಗೆ ಬಂದವಳು ಹೊರಗೆ ಹೊರಟಾಗ ಮತ್ತೆ ಅದೇ ಹಲ್ಲು!

"ಅಯ್ಯೋ ಶಿವನೇ, ಹುಗ್ಗಿ ಹೊತ್ತತೈತಿ!"

ಅಷ್ಟರಲ್ಲಿ ಬೀದಿಯಲ್ಲಿ ಕಾರು ನಿಂತಿತು. ಅಕ್ಕಿ ಗಿರಣಿ ಮಾಲೀಕರಾದ ಪಂಪನಗೌಡರು, ಮಗ ಚೇತನನೊಡನೆ ಇಳಿದರು. ಸುಮಾ ಬಾಗಿಲಲ್ಲಿ ನಿಂತು, "ಅಪ್ಪ ಅವ್ವ ಬಾಜೂ ಮನ್ಯಾಗ ಸಿಕ್ಕೊಂಡಾರ್ರಿ" ಎಂದಳು. ಗೌಡರು ಮೀಸೆ ತಿರುವಿದರು.

"ನಮ್ಮ ಗಿರಣ್ಯಾಗ ಎಂಥೆಂಥಾ ನಾಯಿ ಅದಾವ! ತಡೀರಿ, ಬಿಡಿಸ್ಕೊಂಡು ಬರ್ತೀನಿ."

ನಾನು ಎಷ್ಟೇ "ಬ್ಯಾಡ್ರಿ, ಬ್ಯಾಡ್ರಿ" ಎಂದರೂ ಕೇಳದೆ, ಹಣ್ಣಿನ ಚೀಲ ಹಿಡಿದು ಒಳಗೆ ಬಂದೇಬಿಟ್ಟರು. ಆಮೇಲೆ ಅವರೂ ನಮ್ಮ ಜೊತೆ ಕಟ್ಟೆ ಮೇಲೆ ಕುಳಿತರು. ಗಂಡಿನ ತಂದೆಯನ್ನು ಸೆರೆಯಲ್ಲಿಟ್ಟ ಮೊದಲ ಹೆಣ್ಣಿನ ತಂದೆ ಬಹುಶಃ ನಾನೇ! ಬಿಸಿಲೇರಿತು. ಹುಗ್ಗಿ ಹೊತ್ತಿದ ವಾಸನೆ ಬಂತು. ಹೊರಗಿದ್ದ ಸುಮಾ, ಚೇತನ್ ಇಬ್ಬರೂ ಊಟಿಗೆ ಫೋನ್ ಮಾಡುತ್ತಲೇ ಇದ್ದರು. ಹತ್ತುತ್ತಿರಲಿಲ್ಲ. ನಡುನಡುವೆ ಅವರ ನಗು ಮಾತ್ರ ಕೇಳುತ್ತಿತ್ತು. ಸಂಬಂಧ ಮುರಿದು ಬಿತ್ತೆಂದು ನನಗೆ ಬೆವರಿಳಿಯಿತು.

ಕೊನೆಗೆ ಫೋನು ಹತ್ತಿತು. ಸುಮಾ ಸ್ಪೀಕರ್ ಹಾಕಿ ಕಾಂಪೌಂಡ್ ಮೇಲಿಂದ ಹಿಡಿದಳು. ವಿಷಯ ತಿಳಿದ ವೀರಭದ್ರಪ್ಪ ಊಟಿಯಿಂದಲೇ ಗರ್ಜಿಸಿದರು:

"ಲೇ ಸಾಹುಕಾರ! ಮುಚ್ಕೊಂಡು ಕುಂದ್ರಲೇ!"

ನಾಯಿ ಕದಲಲಿಲ್ಲ. ಆಗಷ್ಟೇ ಕಾಲು ಚಾಚಲು ಎದ್ದಿದ್ದ ಪಂಪನಗೌಡರು ದೊಪ್ಪನೆ ಕುಳಿತರು! ಕಂಪ್ಲಿ ತುಂಬ ಅವರನ್ನು ಸಾಹುಕಾರ ಎಂದೇ ಕರೆಯುತ್ತಾರಂತೆ.

"ನನಗ ಹಿಂಗ ಅನ್ನಾವ ಯಾವನಂವ?"

"ನಿಮಗಲ್ರಿ, ನಾಯಿಗೆ!" ಎಂದೆ. ಅದರಿಂದ ಅವರಿಗೇನೂ ಸಮಾಧಾನವಾದಂತೆ ಕಾಣಲಿಲ್ಲ.

ಫೋನಿನಲ್ಲಿ ವೀರಭದ್ರಪ್ಪ ಕೇಳಿದರು: "ನಿಮ್ಮ ಕೈಯಾಗ ಏನರ ಐತೇನ್ರಿ? ಒಮ್ಮೆ ಕಳ್ಳ ತಾಮ್ರದ ಹಂಡೆ ಹೊತ್ಕೊಂಡು ಹೋದಾಗಿಂದ, ಕೈಯಾಗ ಸಾಮಾನು ಹಿಡಿದವ್ರನ್ನ ಅಂವ ಹೊರಗ ಬಿಡಂಗಿಲ್ಲ. ನಿನ್ನೆ ಅದನ್ನ ಹೇಳಾಕ ಬಂದಿದ್ದೆ. ನೀವು ಬಿಟ್ರ್ಯಾ?"

ನಾವು ಮೂವರೂ ನಮ್ಮ ನಮ್ಮ ಕೈ ನೋಡಿಕೊಂಡೆವು. ತಪ್ಪಲೆ. ಸೌಟು. ಹಣ್ಣಿನ ಚೀಲ!

ಎಲ್ಲವನ್ನೂ ನೆಲಕ್ಕಿಟ್ಟೆವು. ಸಾಹುಕಾರ ಎದ್ದು, ಮೈ ಕೊಡವಿ, ಬಾಲ ಅಲ್ಲಾಡಿಸಿ ಪಕ್ಕಕ್ಕೆ ಸರಿದ. ಗೇಟು ದಾಟಿದಾಗ ನನಗೆ ಬಂದ ಉಸಿರು ಡ್ಯಾಮಿನ ಗೇಟು ತೆರೆದಂತಿತ್ತು.

ಹೊರಗೆ ಸುಮಾ ತಲೆ ತಗ್ಗಿಸಿ, "ಅಪ್ಪಾ, ನಾವಿಬ್ರೂ ಎಲ್ಲಾ ಮಾತಾಡೀವಿ. ನನಗ ಒಪ್ಪಿಗೆ" ಎಂದಳು. ಚೇತನನೂ ಹೂಂಗುಟ್ಟಿದ. ಗೌಡರು ಮಗನನ್ನು ನೋಡಿದರು, ನನ್ನನ್ನು ನೋಡಿದರು, ಕಡೆಗೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಭಾಳ ಚಲೋ ಆತು! ಹಿರಿಯರನ್ನ ಕಟ್ಟಿಹಾಕಿದ್ರ ಮದುವಿ ಜಲ್ದಿ ಕೂಡತಾವ ನೋಡ್ರಿ!" ಎಂದು, ಹೊತ್ತಿದ ಹುಗ್ಗಿಯನ್ನೇ ಎರಡು ಸಲ ಹಾಕಿಸಿಕೊಂಡು ಉಂಡರು.

ಊಟಿಯಿಂದ ಮರಳಿದ ವೀರಭದ್ರಪ್ಪ ಚಹಾಪುಡಿ ಕೊಟ್ಟು ಸಂಕೋಚದಿಂದ ಕೇಳಿದರು: "ಮುಂದಿನ ಸಲ ಹೋದಾಗೂ ನಾಯಿ ನೋಡ್ಕೋತೀರೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಶಾಂತಾ ಹೇಳಿದಳು:

"ನಾಯಿ ನಾ ನೋಡ್ಕೋತೀನ್ರಿ. ನೀವು ಇವ್ರನ್ನ ಕರ್ಕೊಂಡು ಹೋಗ್ರಿ!"