ಮೈಕಿನ ಮುಖ ಪೂರ್ವಕ್ಕೆ

ನಾನು ಶುರು ಮಾಡಿದ ಮಾತನ್ನು ನಮ್ಮ ಮನೆಯಲ್ಲಿ ಕೊನೆಯವರೆಗೆ ಕೇಳಿದವರು ಯಾರೂ ಇಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಶಾಂಭವಿ ಕೇಳುತ್ತಿದ್ದಳು ಎಂಬ ಭ್ರಮೆ ನನಗಿತ್ತು. ಆಗ ಅವಳು ಸುಮ್ಮನೆ ಕೂರುತ್ತಿದ್ದದ್ದು ನಮ್ಮವ್ವನ ಮುಂದಿನ ನಾಚಿಕೆಯಿಂದ, ನನ್ನ ವಾಗ್ವೈಭವಕ್ಕೆ ಮರುಳಾಗಿ ಅಲ್ಲ ಎಂದು ಆಮೇಲೆ ತಿಳಿಯಿತು. ಈಗ ಆ ನಾಚಿಕೆ ಹೋಗಿದೆ. ಅತ್ತೆ ಸೊಸೆ ಇಬ್ಬರೂ ಒಂದೇ ಪಕ್ಷ, ವಿರೋಧ ಪಕ್ಷದಲ್ಲಿ ನಾನೊಬ್ಬನೇ. (ಠೇವಣಿ ಎಂದೋ ಹೋಗಿದೆ.) ಊಟಕ್ಕೆ ಕುಳಿತು ನಾನು ಬಾಯಿ ತೆರೆದರೆ ಸಾಕು, ಅವ್ವ ಸಾರು ಹಾಕಲೇನು ಎಂದು ಕೇಳುತ್ತಾಳೆ. ಹಾಕಿಸಿಕೊಂಡು ತಲೆ ಎತ್ತುವಷ್ಟರಲ್ಲಿ ಇಬ್ಬರೂ ಓಣಿಯ ಯಾರದೋ ಬಸುರಿ ಮಗಳ ಕುಬಸದ ಸೀರೆಯಲ್ಲಿ ಮುಳುಗಿರುತ್ತಾರೆ.

ನಾನು ಕುಂದಗೋಳದ ದನದ ದವಾಖಾನೆಯಲ್ಲಿ ನೌಕರಿ ಮಾಡುವವನು, ಹೆಸರು ಪ್ರಭು. ಸುತ್ತಲಿನ ಹಳ್ಳಿಯವರು ಪ್ರೀತಿಯಿಂದ ನನ್ನನ್ನೂ ಡಾಕ್ಟರ್ ಎನ್ನುತ್ತಾರೆ. ನಿಜವಾದ ಡಾಕ್ಟರು ಬೇರೆ ಇದ್ದಾರೆ. ಅವರು ಸೂಜಿ ಚುಚ್ಚುವಾಗ ಎಮ್ಮೆಯ ಕಿವಿ ಹಿಡಿದು ಸಮಾಧಾನ ಹೇಳುವವನು ನಾನು. ಎಮ್ಮೆಗಳು ನನ್ನ ಮಾತನ್ನು ಕಣ್ಣರಳಿಸಿ ಕೇಳುತ್ತವೆ. ಆದರೆ ಹೊಗಳುವುದಿಲ್ಲ. ನಮ್ಮೂರೋ, ಸಂಗೀತಕ್ಕೆ ಹೆಸರಾದ ಊರು. ಇಲ್ಲಿ ಚಹಾದಂಗಡಿಯಲ್ಲಿ ಕಪ್ಪು ತೊಳೆಯುವವನೂ ರಾಗ ಹಿಡಿದೇ ತೊಳೆಯುತ್ತಾನೆ. ಇಂಥ ಊರಿನಲ್ಲಿ ಶಾಲೆಯ ಪ್ರಾರ್ಥನೆಗೆ ನಿಂತಾಗ ಗುರುಗಳು ನನಗೊಬ್ಬನಿಗೆ ಬರೀ ತುಟಿ ಆಡಿಸು ಎಂದಿದ್ದರು. ಹಾಡು ಒಲಿಯದಿದ್ದರೆ ಏನಾಯಿತು, ನನಗೆ ಮಾತು ಒಲಿದಿದೆ ಎಂದು ನಾನು ಅಂದಿನಿಂದ ನಂಬಿಕೊಂಡು ಬಂದಿದ್ದೇನೆ.

ಆ ನಂಬಿಕೆಗೆ ಒಂದು ದಿನ ಮೊಬೈಲಿನಲ್ಲಿ ಫಲ ಸಿಕ್ಕಿತು. ಹುಬ್ಬಳ್ಳಿಯಲ್ಲಿ ಯಾರೋ ಹೊಸದಾಗಿ ಪಾಡ್‌ಕಾಸ್ಟ್ ವಾಹಿನಿ ತೆರೆದಿದ್ದರು. ಪಾಡ್‌ಕಾಸ್ಟ್ ಎಂದರೆ ರೇಡಿಯೊ ಇಲ್ಲದ ರೇಡಿಯೊ. ನಾವು ಮನೆಯಲ್ಲೇ ಕುಳಿತು ಮಾತಾಡಿ, ರೆಕಾರ್ಡ್ ಮಾಡಿ ಕಳಿಸುವುದು. ಜನ ತಮ್ಮ ಮೊಬೈಲಿನಲ್ಲಿ ಕೇಳುವುದು. ವಿಷಯ 'ಸುಖ ಸಂಸಾರ'. ಮಾದರಿಗೆ ಒಂದು ಮಾತು ಕಳಿಸಬೇಕು, ಅದು ಒಪ್ಪಿಗೆಯಾದವರಿಗೆ ಪ್ರತಿ ವಾರ ಕಾರ್ಯಕ್ರಮ. ಓದಿದ ಕ್ಷಣವೇ ಇದು ನನಗಾಗಿಯೇ ತೆರೆದದ್ದು ಎನಿಸಿತು. ಸಂಸಾರದ ಬಗ್ಗೆ ಹೇಳಲು ನನ್ನಷ್ಟು ಮಾತು ಉಳಿಸಿಕೊಂಡ ಗಂಡಸು ಈ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಘೋಷಿಸಿದೆ. ಶಾಂಭವಿ ನಗಲಿಲ್ಲ. ನಕ್ಕಿದ್ದರೆ ನಾನು ಅಷ್ಟು ಮುಂದೆ ಹೋಗುತ್ತಿರಲಿಲ್ಲ. ಕನಿಕರದಿಂದ ನೋಡಿದಳು, ಅದನ್ನು ತಡೆದುಕೊಳ್ಳಲಾಗಲಿಲ್ಲ.

"ಅವರು ನನ್ನ ಆರಿಸಲಿಲ್ಲ ಅಂದ್ರ, ಇನ್ನ ಮುಂದ ಊಟಕ್ಕ ಕುಂತಾಗ ತುಟಿ ಪಿಟಕ್ ಅನ್ನೂದಿಲ್ಲ" ಎಂದೆ. "ಆರಿಸಿದ್ರ, ನಾ ಮಾತಾಡೂ ಮುಂದ ನೀವಿಬ್ರೂ ನಡು ಬಾಯಿ ಹಾಕಬಾರದು."

"ಅತ್ತೀ, ಸಾಕ್ಷಿ ನೀವ ನೋಡ್ರಿ" ಎಂದಳು ಶಾಂಭವಿ. ಅವ್ವ ಗಂಭೀರವಾಗಿ ತಲೆಯಾಡಿಸಿ ನನಗೆ ಸಾರು ಹಾಕಿದಳು.

ಮೊದಲು ಮೊಬೈಲಿನಲ್ಲೇ ರೆಕಾರ್ಡ್ ಮಾಡಿ ನೋಡಿದೆ. ತಿರುಗಿಸಿ ಕೇಳಿದರೆ ನನ್ನ ಧ್ವನಿಯ ಮೇಲೆ ಅಡುಗೆ ಮನೆಯ ಪಟಪಟ ರೊಟ್ಟಿ ಬಡಿತ, ಕುಕ್ಕರಿನ ಸೀಟಿ, ಅದರ ಮೇಲೆ "ರೀ, ಆ ಕಟ್ಟಿ ಮ್ಯಾಲಿನ ಸೇಂಗಾ ಒಳಗ ತರ್ರಿ" ಎಂಬ ಆಜ್ಞೆ. ತತ್ತ್ವಚಿಂತನೆಯ ನಡುವೆ ಸೇಂಗಾ ಬರಬಾರದು. ಒಂದು ಸರಿಯಾದ ಮೈಕ್ ಬೇಕೇ ಬೇಕು ಎಂದು ಅವತ್ತೇ ತೀರ್ಮಾನವಾಯಿತು.

ಮೈಕ್ ಆರಿಸುವುದೆಂದರೆ ಹೆಣ್ಣು ನೋಡುವುದಕ್ಕಿಂತ ಕಷ್ಟ. ಹೆಣ್ಣು ನೋಡಲು ಹೋದಾಗ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ, ಅವಲಕ್ಕಿ ತಿಂದು ಬಂದಿದ್ದೆ. ಇಲ್ಲಿ ನೂರೆಂಟು ಪ್ರಶ್ನೆ. ಮೊಬೈಲಿನಲ್ಲಿ ವಿಡಿಯೊ ಮೇಲೆ ವಿಡಿಯೊ ನೋಡಿದೆ. ಮೈಕ್‌ಗಳಲ್ಲಿ ಕಂಡೆನ್ಸರ್, ಡೈನಮಿಕ್ ಎಂದು ಎರಡು ಜಾತಿ. ಕಂಡೆನ್ಸರ್‌ಗೆ ಇರುವೆ ಕೆಮ್ಮಿದರೂ ಕೇಳುತ್ತದೆ, ಡೈನಮಿಕ್‌ಗೆ ಬಾಜೂಕೆ ನಿಂತು ಒದರಿದರೆ ಮಾತ್ರ. (ಒಂದು ಶಾಂಭವಿಯ ಕಿವಿ, ಇನ್ನೊಂದು ನನ್ನದು ಎಂದು ನೆನಪಿಟ್ಟುಕೊಂಡೆ.) ಯುಎಸ್‌ಬಿ ಇರುವುದಾದರೆ ವೈರನ್ನು ನೇರ ಲ್ಯಾಪ್‌ಟಾಪಿಗೆ ಚುಚ್ಚಬಹುದು, ನಡುವೆ ಬೇರೆ ಡಬ್ಬಿ ಬೇಡ. ಇನ್ನು ಕೆಲವು ನಾಲ್ಕೂ ದಿಕ್ಕಿನದು ಕೇಳುತ್ತವೆ, ಕೆಲವು ತಮ್ಮ ಮುಂದಿನದು ಮಾತ್ರ ಕೇಳಿ ಹಿಂದಿನದಕ್ಕೆ ಕಿವುಡಾಗಿರುತ್ತವೆ. ಈ ಕೊನೆಯ ಸಂಗತಿ ಓದಿ ಕುರ್ಚಿಯಿಂದ ಎದ್ದೇ ಬಿಟ್ಟೆ. ಅಡುಗೆ ಮನೆಗೆ ಕಿವುಡಾದ ಮೈಕ್! ಇದನ್ನು ಕಂಡುಹಿಡಿದವನು ಖಂಡಿತ ಸಂಸಾರಸ್ಥ.

ಆದರೂ ಊರಿನ ತಜ್ಞರನ್ನು ಕೇಳದೆ ಕೊಳ್ಳಬಾರದಲ್ಲ. ಮದುವೆ, ಭಾಷಣಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುವ ನಬೀಸಾಬನ ಅಂಗಡಿಗೆ ಹೋಗಿ ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಅವನು ಹಿಂದೆ ಮುಂದೆ ಸರಿಸಿ ನೋಡಿ, ಇದಕ್ಕೆ ಹಾರ್ನ್ ಎಲ್ಲಿದೆ, ಇದು ಎಷ್ಟು ಊರಿಗೆ ಕೇಳುತ್ತದೆ ಎಂದು ವಿಚಾರಿಸಿದ. ಒಂದೂರಿಗೂ ಕೇಳುವುದಿಲ್ಲ, ಕಿವಿಯಲ್ಲಿ ಇಟ್ಟುಕೊಂಡವರಿಗೆ ಮಾತ್ರ ಎಂದೆ. ಅವನಿಗೆ ನನ್ನ ಮೇಲೆ ಮರುಕ ಹುಟ್ಟಿತು.

"ಸಾಹೇಬ್ರ, ಮಂದಿ ಮೊದಲ ಮೈಕ್ ಊದತಾರ್ರಿ, ಆಮ್ಯಾಲೆ ಬಡೀತಾರ, ಆಮ್ಯಾಲೆ ಮಾತಾಡತಾರ. ಮೂರೂ ತಾಳಕೊಳ್ಳೂ ಅಂಥಾದ್ದು ತಗೋರಿ" ಎಂದು ಉಪದೇಶ ಮಾಡಿದ. "ಮತ್ತ ಬಾಯಿ ತುದಿಗಿ ಇರ್ಲಿ. ಮೈಕಂದ್ರ ತುದಿನ."

ಹೌದಲ್ಲ ಎನಿಸಿತು. ಹುಟ್ಟಿದಾಗಿನಿಂದ ನಾವು ನೋಡಿದ ಮೈಕಿಗೆಲ್ಲ ತುದಿಯೇ ಮುಂಭಾಗ. ಅದೊಂದು ಮಂತ್ರ ಹಿಡಿದುಕೊಂಡು ಮನೆಗೆ ಬಂದು ಆರ್ಡರ್ ಮಾಡಿದೆ: ಯುಎಸ್‌ಬಿ, ಕಂಡೆನ್ಸರ್, ಹಿಂದಿನದಕ್ಕೆ ಕಿವುಡು.

ಮೈಕ್ ಬಂದ ದಿನ ದವಾಖಾನೆಯಿಂದ ಅದನ್ನು ಎದೆಗೆ ಅವಚಿಕೊಂಡೇ ಬೈಕ್ ಓಡಿಸಿದೆ. ಕಪ್ಪಗೆ, ಗಿಡ್ಡಗೆ, ಒಂದು ಸಣ್ಣ ಕಾಲಿನ ಮೇಲೆ ಠೀವಿಯಿಂದ ನಿಂತಿತ್ತು. ಅಡಿಕೆ ಕುಟ್ಟುವ ಕುಟ್ಟಾಣಿ ಎಂದುಕೊಂಡ ಅವ್ವನಿಗೆ ತಿಳಿಸಿ ಹೇಳುವುದರಲ್ಲಿ ಸಾಕಾಯಿತು. ವೈರ್ ಚುಚ್ಚಲು ಹೋದರೆ ಕೈ ಹಿಡಿದಳು. ನಮ್ಮ ಮನೆಗೆ ಹೊಸದೇನು ಬಂದರೂ ಪೂಜೆಯಾಗದೆ ಮುಟ್ಟುವಂತಿಲ್ಲ. ಮಿಕ್ಸರಿಗೆ ಹಚ್ಚಿದ ವಿಭೂತಿ ಇಂದಿಗೂ ಇದೆ, ಮಿಕ್ಸರ್ ತಿರುಗುವುದಿಲ್ಲ.

"ಇದರ ಮಾರಿ ಯಾವದೋ?" ಎಂದು ಅವ್ವ ಕೇಳಿದಳು.

ಮೈಕಿಗೆ ಮಾರಿ ಇರುವುದಿಲ್ಲ, ತುದಿ ಇರುತ್ತದೆ ಎಂದೆ. ಅವಳು ಒಪ್ಪಲಿಲ್ಲ. ಸುತ್ತ ತಿರುಗಿಸಿ, ಕಂಪನಿಯ ಗುರುತು ಇರುವ ಕಡೆಯೇ ಮುಖವೆಂದು ತೀರ್ಪು ಕೊಟ್ಟು, ಅಲ್ಲಿ ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮವಿಟ್ಟು, ನೆತ್ತಿಗೊಂದು ಚೆಂಡುಹೂ ಏರಿಸಿದಳು. ಆಮೇಲೆ ಮೈಕನ್ನು ಪಡಸಾಲೆಯ ಮೇಜಿನ ಮೇಲೆ ಪೂರ್ವಕ್ಕೆ ಮುಖ ಮಾಡಿ ಪ್ರತಿಷ್ಠಾಪಿಸಿದಳು. ನನ್ನ ಕುರ್ಚಿ ಮೇಜಿನ ಪಶ್ಚಿಮಕ್ಕೆ. ಪೂರ್ವಕ್ಕೆ ಇರುವುದು ಅಡುಗೆ ಮನೆ, ಅದಕ್ಕೆ ಬಾಗಿಲಿಲ್ಲ. ಹೀಗಾಗಿ ವಿಭೂತಿಯ ಮುಖ ಒಲೆಯ ಕಡೆಗೆ, ಬೋಳು ಬೆನ್ನು ನನ್ನ ಕಡೆಗೆ. ತಿರುಗಿಸಲೇನು ಎಂದು ಕೇಳಿದ್ದಕ್ಕೆ, ಪೂಜೆಯಾದ ಮೇಲೆ ಅಲುಗಾಡಿಸಬಾರದು ಎಂದಳು. ದುಂಡಗಿನ ವಸ್ತು, ಯಾವ ಕಡೆ ತಿರುಗಿದ್ದರೇನು, ತುದಿಯಂತೂ ಮೇಲೇ ಇದೆಯಲ್ಲ ಎಂದು ನಾನೂ ಬಿಟ್ಟೆ. ಬಳಸುವ ಬಗೆ ತೋರಿಸಲು ಡಬ್ಬಿಯಲ್ಲಿ ಬಂದಿದ್ದ ಚಿತ್ರದ ಕಾಗದವನ್ನು ತೆರೆದೂ ನೋಡಲಿಲ್ಲ. ಅಷ್ಟು ವಿಡಿಯೊ ನೋಡಿದ ಪಂಡಿತನಿಗೆ ಚಿತ್ರದ ಕಾಗದವೇ?

ಮರುದಿನ ಬೆಳಿಗ್ಗೆ ರೆಕಾರ್ಡಿಂಗ್. ಕಳಿಸಲು ಅದೇ ಕೊನೆಯ ದಿನ, ಹತ್ತು ಗಂಟೆಗೆ ಕರೆಂಟ್ ಹೋಗುವುದೂ ಖಾತ್ರಿ. ವಿಡಿಯೊದ ಪಂಡಿತರೆಲ್ಲ ಗೋಡೆಗೆ ಸ್ಪಂಜು ಹಚ್ಚಿಕೊಂಡು, ಧ್ವನಿ ಗುಂಯ್ ಎನ್ನದಂತೆ ನೋಡಿಕೊಳ್ಳುತ್ತಾರೆ. ನನಗೆ ಸ್ಪಂಜು ಎಲ್ಲಿಂದ ಬರಬೇಕು? ಅಜ್ಜಿಯ ಕಾಲದ ದಪ್ಪ ಕೌದಿಯನ್ನು ತಲೆಯ ಮೇಲಿಂದ ಹೊದ್ದು, ಮೈಕನ್ನೂ ಒಳಗೆ ಎಳೆದುಕೊಳ್ಳಲು ಹೋದೆ. ಅವ್ವ ಓಡಿಬಂದಳು. ಪೂಜೆ ಮಾಡಿದ್ದರ ಮೇಲೆ ಹಾಸಿಗೆಯ ಕೌದಿ ಹೊದಿಸುವವನನ್ನು ಹೆತ್ತೆನಲ್ಲ ಎಂದು ಮರುಗಿದಳು. ಕೊನೆಗೆ ರಾಜಿಯಾಯಿತು. ನಾನು ಕೌದಿಯ ಒಳಗೆ, ಮೈಕ್ ಕೌದಿಯ ಹೊರಗೆ. ನಷ್ಟವನ್ನು ತುಂಬಿಸಲು ಮೈಕಿನ ಧ್ವನಿಯ ಗುಂಡಿಯನ್ನು ಪೂರ್ತಿ ಏರಿಸಿಟ್ಟೆ.

ಶಾಂಭವಿ ಬಂದು, ರೊಟ್ಟಿ ಬಡಿಯಬೇಕು, ಸಪ್ಪಳವಾಗುತ್ತದೆ, ಒಂದು ತಾಸು ತಡೆಯಲೇನು ಎಂದು ಕೇಳಿದಳು. ನನ್ನ ಔದಾರ್ಯಕ್ಕೆ ಅವತ್ತು ಎಲ್ಲೆಯೇ ಇರಲಿಲ್ಲ.

"ಬಡೀರಿ" ಎಂದೆ ಕೌದಿಯೊಳಗಿಂದ. "ಎಷ್ಟ್ ಬೇಕಾದ್ರೂ ಬಡೀರಿ, ಏನ್ ಬೇಕಾದ್ರೂ ಮಾತಾಡ್ರಿ. ಈ ಮೈಕ್ ನಿಮ್ಮದೇನೂ ಕೇಳಂಗಿಲ್ಲ."

ಆಮೇಲೆ ಕಣ್ಣು ಮುಚ್ಚಿ ಆರಂಭಿಸಿದೆ. ಎಂಥ ಮಾತು ಬಂದವು! ಸಂಸಾರದ ಬಂಡಿಯ ಗಾಲಿಗಳ ಬಗ್ಗೆ ಹೇಳಿದೆ. ಗಂಡನಾದವನು ಹೆಂಡತಿಯ ಕೆಲಸಕ್ಕೆ ಹೆಗಲು ಕೊಡಬೇಕೆಂದೆ. ಸಿಟ್ಟು ಗೆದ್ದವನು ಜಗತ್ತನ್ನೇ ಗೆದ್ದ ಎಂದೆ. ಕೌದಿಯಾಚೆ ಏನೋ ಗುಸುಗುಸು, ನಗು ಕೇಳಿಸುತ್ತಿತ್ತು, ಕಿವಿಗೆ ಹಾಕಿಕೊಳ್ಳಲಿಲ್ಲ. ಬೆವರಿ ತೊಪ್ಪೆಯಾಗಿ ಹೊರಬಂದಾಗ ಹತ್ತಕ್ಕೆ ಸ್ವಲ್ಪವೇ ಹೊತ್ತು ಉಳಿದಿತ್ತು. ಕಳಿಸುವ ಮೊದಲು ಒಮ್ಮೆ ಕೇಳಿ ನೋಡಬಾರದೇ ಎಂದು ಶಾಂಭವಿ ಅಂದಳು. ನನ್ನ ಧ್ವನಿ ನನಗೆ ಗೊತ್ತಿಲ್ಲವೇ ಎಂದು ಹೇಳಿ ಕಳಿಸಿಬಿಟ್ಟೆ.

ಮುಂದಿನ ವಾರ ಊಟದ ಹೊತ್ತಿಗೆ ಫೋನ್ ಬಂತು. ವಾಹಿನಿಯ ಸುನೀತಾ ಮೇಡಂ! ಎಲ್ಲರೂ ಕೇಳಲಿ ಎಂದು ಸ್ಪೀಕರ್ ಹಾಕಿ ತಾಟಿನ ಬಾಜೂಕೆ ಇಟ್ಟೆ.

ನಿಮ್ಮ ಮನೆಯ ರೆಕಾರ್ಡಿಂಗ್ ನಮಗೆಲ್ಲ ಅಗದಿ ಸೇರಿದೆ, ಇದನ್ನೇ ಆರಿಸಿದ್ದೇವೆ ಎಂದರು. ನಾನು ಶಾಂಭವಿಯ ಕಡೆ ನೋಡಿದೆ. ಹಾಗೆ ನೋಡಲೆಂದೇ ನಾನು ಇಷ್ಟು ವರ್ಷ ಬದುಕಿದ್ದೆ. ಧ್ವನಿ ಗಾಜಿನಷ್ಟು ಸ್ವಚ್ಛ ಎಂದರು, ಎದೆ ಉಬ್ಬಿತು. ಆಫೀಸಿನಲ್ಲಿ ಎಲ್ಲರೂ ನಕ್ಕು ನಕ್ಕು ಸುಸ್ತಾದೆವು ಎಂದರು. ಉಬ್ಬಿದ ಎದೆ ಅಲ್ಲೇ ನಿಂತಿತು. ಸಿಟ್ಟು ಗೆಲ್ಲುವ ಬಗ್ಗೆ ಹೇಳಿದರೆ ನಗುವುದೇಕೆ?

"ಆ ಸೊಸಿ ಮಾತು ಇನ್ನೊಮ್ಮೆ ಕೇಳ್ರಿ" ಎಂದು ಮೇಡಂ ಅಲ್ಲಿಂದಲೇ ರೆಕಾರ್ಡಿಂಗ್ ಹಚ್ಚಿದರು.

ಮೊದಲು ಪಟಪಟ ರೊಟ್ಟಿ ಬಡಿತ, ಹಿಟ್ಟಿನ ಹದ ಕೂಡ ತಿಳಿಯುವಷ್ಟು ಸ್ಪಷ್ಟ. ಅದರ ಮೇಲೆ ಶಾಂಭವಿ: "ಹೆಗಲ ಕೊಡಬೇಕಂತ್ರಿ ಅತ್ತೀ. ನಿನ್ನೆ ಗ್ಯಾಸ್ ಸಿಲಿಂಡರ್ ಸರಸ್ರಿ ಅಂದ್ರ ಸೊಂಟ ಹಿಡದೈತಿ ಅಂತ ಮಕ್ಕೊಂಡ್ರು." ಅದಕ್ಕೆ ಅವ್ವ: "ಅವರಪ್ಪನೂ ಹಂಗ ಇದ್ದ. ಅಪ್ಪ ಮಗ ಇಬ್ಬರ್ದೂ ಸೊಂಟ ಛಲೋನ, ಮನಸ ಇಲ್ಲ." ಸಿಟ್ಟು ಗೆದ್ದವನ ಪ್ರಸಂಗಕ್ಕೆ, ಉಪ್ಪಿನಕಾಯಿ ಮರೆತದ್ದಕ್ಕೆ ನಾನು ತಾಟು ಸರಿಸಿ ಎದ್ದುಹೋಗಿ, ಹಸಿವು ತಾಳದೆ ಹಿತ್ತಿಲ ಬಾಗಿಲಿನಿಂದ ವಾಪಸು ಬಂದ ಕಥೆಯನ್ನು ಇಬ್ಬರೂ ಸೇರಿ ವಿಸ್ತಾರವಾಗಿ ಬಣ್ಣಿಸಿದ್ದರು. ಇವೆಲ್ಲದರ ಹಿಂದೆ, ದೂರ ಹಳ್ಳದ ಆಚೆ ಯಾರೋ ಯಾರನ್ನೋ ಬೈಯುತ್ತಿದ್ದ ಹಾಗೆ ಒಂದು ಗುರುಗುರು ಸದ್ದು. ಅದು ನಾನು.

"ಅತ್ತಿ ಸೊಸಿ ಇಬ್ರದೂ ಪ್ರತಿ ವಾರ ಬೇಕ್ರಿ" ಎಂದರು ಸುನೀತಾ ಮೇಡಂ. "ರೊಟ್ಟಿ ಸಪ್ಪಳನೂ ಇರ್ಲಿ. ಆದ್ರ ಹಿಂದ ಯಾರೋ ಒಬ್ರು ಗೊಣಗತಾರಲ್ರಿ, ಮನಿ ಹಿರ್ಯಾರೇನ್ರಿ ಅವರು? ಆರಾಮ ಇಲ್ಲೇನು? ಮುಂದಿನ ಸಲ ಅವರನ್ನ ಬ್ಯಾರೆ ಖೋಲ್ಯಾಗ ಮಲಗಸ್ರಿ."

ಎತ್ತಿದ್ದ ತುತ್ತನ್ನು ತಾಟಿಗೆ ಇಳಿಸಿದೆ. ನಿಜಕ್ಕೂ ಅಳು ಬಂದಿತ್ತು. ಆಗ ಶಾಂಭವಿ ಕೈ ಒರೆಸಿಕೊಂಡು ಫೋನ್ ಎತ್ತಿಕೊಂಡಳು.

"ಬ್ಯಾಡ್ರಿ ಮೇಡಂ, ಅವರು ಇರಬೇಕು. ಅವರು ಮಾತಾಡಿದ್ರನ ನಮಗ ಮಾತು ಹೊಳಿಯೂದು."

ಮದುವೆಯಾದಂದಿನಿಂದ ನನ್ನ ಮಾತು ಬೇಕು ಎಂದು ಅವಳು ಹೇಳಿದ್ದು ಅದೇ ಮೊದಲು. ಸೋತವನಿಗೆ ಇಷ್ಟು ಸಂತೋಷವಾಗಬಾರದು, ಆದರೂ ಆಯಿತು. ಆ ಸಂತೋಷದಲ್ಲೇ, ಹೇಗೂ ನಮ್ಮ ಮನೆಯನ್ನೇ ಆರಿಸಿದ್ದಾರೆ, ಪಂಥ ನಾನೇ ಗೆದ್ದಂತಾಯಿತು ಎಂದು ವಾದ ಹೂಡಿದೆ. ಸಾಕ್ಷಿಯಾಗಿದ್ದ ಅವ್ವ ನ್ಯಾಯ ಹೇಳಿದಳು: ಆರಿಸಿದ್ದು ತಮ್ಮಿಬ್ಬರನ್ನು, ನನ್ನನ್ನಲ್ಲ, ಇನ್ನು ಊಟದಲ್ಲಿ ಬಾಯಿ ಮುಚ್ಚಬೇಕು. ಮುಚ್ಚಿದೆ.

ಸಂಜೆ ಆ ಚಿತ್ರದ ಕಾಗದ ತೆರೆದು ನೋಡಿದೆ. ಈ ಜಾತಿಯ ಮೈಕಿಗೆ ತುದಿಯಿಂದಲ್ಲ, ಕಂಪನಿಯ ಗುರುತು ಇರುವ ಬದಿಯಿಂದ ಮಾತಾಡಬೇಕಂತೆ. ಅಂದರೆ ವಿಭೂತಿ ಹಚ್ಚಿದ ಬದಿ. ಅವ್ವ ಒಂದೇ ನೋಟಕ್ಕೆ ಕಂಡುಹಿಡಿದ ಮಾರಿ. ನಾನು ಸದ್ದಿಲ್ಲದೆ ಅದನ್ನು ನನ್ನ ಕಡೆ ತಿರುಗಿಸಲು ಕೈ ಚಾಚಿದ್ದೆ, ಅಷ್ಟರಲ್ಲಿ ಅವಳೇ ದೀಪ ಹಿಡಿದು ಬಂದಳು. ಪೂರ್ವಕ್ಕೆ ಮುಖ ಮಾಡಿದ್ದರಿಂದಲೇ ಒಳ್ಳೆಯದಾಯಿತು, ಮುಟ್ಟಬೇಡ ಎಂದು ಮೈಕಿಗೆ ಆರತಿ ಬೆಳಗಿದಳು.

ಮೊನ್ನೆ ಮೊದಲ ಕಂತಿನ ರೆಕಾರ್ಡಿಂಗ್ ಆಯಿತು. ಶಾಂಭವಿ ತಲೆಗೆ ಹೆಡ್‌ಫೋನ್ ಏರಿಸಿಕೊಂಡು ಒಲೆಯ ಮುಂದೆ ಕುಳಿತಿದ್ದಳು. ನಾನು ಕೌದಿ ಬಿಟ್ಟು, ಇಸ್ತ್ರಿ ಅಂಗಿ ತೊಟ್ಟು, ಕುರ್ಚಿಯಲ್ಲಿ ಕುಳಿತು ಗಂಟಲು ಸರಿಮಾಡಿಕೊಂಡೆ. ಧ್ವನಿ ಬಹಳ ಜೋರಾಯಿತು, ಹಿಂದೆ ಸರಿಯಿರಿ ಎಂದು ಕೈಸನ್ನೆ ಮಾಡಿದಳು. ಕುರ್ಚಿ ಗೋಡೆಗೆ ಹೋಯಿತು. ಆಮೇಲೆ ಹೊಸ್ತಿಲಿಗೆ ಹೋಯಿತು. ಕೊನೆಗೆ ನಾನು ಕುರ್ಚಿ ಸಮೇತ ಬೀದಿಯ ಕಟ್ಟೆಯ ಮೇಲೆ ಬಂದು ಕುಳಿತು, ಹೋಗಿ ಬರುವವರ ಎದುರಿಗೆ, ಸಂಸಾರದಲ್ಲಿ ಗಂಡನ ಸ್ಥಾನಮಾನದ ಬಗ್ಗೆ ಮಾತು ಶುರು ಮಾಡಿದೆ.

"ರೀ" ಎಂದು ಒಳಗಿನಿಂದ ಶಾಂಭವಿ ಕೂಗಿದಳು, "ಮಾತು ತಿಳಿಯಾಕತ್ತೈತಿ. ಇನ್ನಷ್ಟು ಸಣ್ಣಕ ಗೊಣಗ್ರಿ."