ಮೂರು ಟಾರ್ಚು, ಒಂದು ಕಿವಿ

ಬೆಳಕಿನ ವಿಷಯದಲ್ಲಿ ನನಗೆ ಪಾಠ ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ! ಮೂವತ್ತೈದು ವರ್ಷ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿದವನು ನಾನು. ಮೆಟ್ಟಿಲ ಕೆಳಗೆ, ಗೋಡೆಯ ಗೂಡಿನಲ್ಲಿ, ಜೇಡರ ಬಲೆಯ ಹಿಂದೆ ಅವಿತಿದ್ದ ಅಂಕಿಗಳನ್ನೆಲ್ಲ ಟಾರ್ಚು ಬಿಟ್ಟು ಹೊರಗೆಳೆದಿದ್ದೇನೆ. ಸೂರ್ಯನಿಗೊಂದು ಮೀಟರ್ ಇದ್ದಿದ್ದರೆ ಅದನ್ನೂ ಓದಿ, ಚೀಟಿ ಬರೆದು ಅವನ ಬಾಗಿಲಿಗೆ ಸಿಕ್ಕಿಸಿ ಬರುತ್ತಿದ್ದೆ.

ಹೀಗಿರುವಾಗ ಮನೆಯ ಹಳೆಯ ಟಾರ್ಚು ಕೆಟ್ಟರೆ, ಸಿಕ್ಕಿದ್ದೊಂದನ್ನು ತಂದುಬಿಡುತ್ತೇನೆಯೇ? ಪರಿಚಯದ ಅಂಗಡಿಯವನು ಮೂರು ಪುಟ್ಟ ಟಾರ್ಚು ಕೈಗಿಟ್ಟು, "ಸಾರ್, ಮೂರನ್ನೂ ತಗೊಂಡ್ಹೋಗಿ ನೋಡಿ, ಯಾವ್ದಾದ್ರೂ ಒಂದು ಇಟ್ಕೊಳ್ಳಿ" ಎಂದ. ನಾನು ನಾಮಕರಣ ಮಾಡಿದೆ. ಕರಿಯ, ನೀಲಿ, ಗಿಡ್ಡ.

ಕರಿಯನ ಗುಂಡಿ ಬಾಲದಲ್ಲಿ. ಒತ್ತಿದರೆ ಸಾಕು, ಮೊದಲ ಏಟಿಗೇ ಅತಿ ಹೆಚ್ಚಿನ ಬೆಳಕು. ಅರ್ಧ ಅದುಮಿದರೆ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಮೂರು ನಿಮಿಷದಲ್ಲಿ ಮೈ ಬಿಸಿಯಾಗಿ ತಾನಾಗಿಯೇ ಮಂಕಾಗುತ್ತದೆ. ನೀಲಿಯದು ಪಕ್ಕೆಗುಂಡಿ. ಒಮ್ಮೆ ಒತ್ತಿದರೆ ಹಿಂದಿನ ಸಲ ಆರಿಸುವಾಗ ಇದ್ದಷ್ಟೇ ಬೆಳಕು, ಒತ್ತಿ ಹಿಡಿದರೆ ಮಂದ, ಎರಡು ಸಲಕ್ಕೆ ಪ್ರಖರ, ಮೂರಕ್ಕೆ ಮಿಣಮಿಣ, ನಾಲ್ಕಕ್ಕೆ ಬೀಗ! ಗಿಡ್ಡನಿಗೆ ಗುಂಡಿಯೇ ಇಲ್ಲ. ಕತ್ತು ತಿರುಗಿಸಬೇಕು, ಸ್ವಲ್ಪ ತಿರುಗಿಸಿದರೆ ಮಂದ, ಇನ್ನಷ್ಟು ತಿರುಗಿಸಿದರೆ ಜೋರು. ಜೋರೆಂದರೂ ಮಿಂಚುಹುಳ ನೆಗಡಿಯಾದಾಗ ಬೆಳಗಿದಷ್ಟು.

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಒಂದು ಭವ್ಯ ಪಟ್ಟಿ ತಯಾರಿಸಿದೆ. ಕರಿಯನಿಗೆ ಹತ್ತಕ್ಕೆ ಒಂಬತ್ತು, ನೀಲಿಗೆ ಎಂಟು, ಗಿಡ್ಡನಿಗೆ ಎರಡು, ಅದೂ ಹಾಜರಾತಿಗಾಗಿ. ಪರೀಕ್ಷೆಗೆ ಕತ್ತಲೆ ಬೇಕಲ್ಲ? ಹಾಡುಹಗಲಲ್ಲಿ ಕತ್ತಲೆ ಸಿಗುವುದು ನಮ್ಮ ಕಿಟಕಿಯಿಲ್ಲದ ಉಗ್ರಾಣದಲ್ಲಿ ಮಾತ್ರ. ಅಲ್ಲಿನ ಬಲ್ಬನ್ನು ಕಳಚಿ ಸ್ಟೂಲಿನ ಮೇಲಿಟ್ಟು, ಬಾಗಿಲು ಹಾಕಿಕೊಂಡೆ.

ಅಂದೇ ನಾಲ್ಕು ಗಂಟೆಗೆ ಮೊಮ್ಮಗಳ ಶಾಲೆಯಲ್ಲಿ ಪದ್ಯ ಹೇಳುವ ಕಾರ್ಯಕ್ರಮ. ಎಂಟು ವರ್ಷದ ಆ ಮಗುವಿಗೆ ಮಾತು ಆಗಾಗ ತಡೆಯುತ್ತದೆ. ಹಿಂದಿನ ದಿನ ಬಂದು ಅಜ್ಜಿಯ ಕೊರಳಿಗೆ ಜೋತುಬಿದ್ದು, "ಅಜ್ಜಿ, ನೀನು ಮುಂದಿನ ಸಾಲಲ್ಲೇ ಕೂತ್ಕೋಬೇಕು. ನೀನು ಕೇಳಿಸ್ಕೊಳ್ತಾ ಇದ್ರೆ ನಂಗೆ ಮಾತು ನಿಲ್ಲಲ್ಲ" ಎಂದಿದ್ದಳು. ಅಜ್ಜಿಯ ಬಲಗಿವಿ ನನಗಿಂತ ಮೊದಲೇ ನಿವೃತ್ತಿಯಾಗಿದೆ. ಎಡಗಿವಿಗೆ ಕೇಳಿಸುವುದು ಅದರೊಳಗೆ ಕೂರುವ, ಕಡಲೆಕಾಳಿನಷ್ಟು ದೊಡ್ಡ ಯಂತ್ರದಿಂದ.

ಮೂರು ಗಂಟೆಗೆ ಹೆಂಡತಿ ಉಗ್ರಾಣದ ಬಾಗಿಲು ತೆರೆದು ಒಳಗೆ ಬಂದಳು; ಬಾಗಿಲು ಅವಳ ಬೆನ್ನ ಹಿಂದೆ ತಾನಾಗಿಯೇ ಮುಚ್ಚಿಕೊಂಡಿತು. "ರೀ, ಹೊರಡೋಲ್ವಾ? ಇಲ್ಲೇ ಸಂಸಾರ ಹೂಡಿದ್ದೀರಾ?"

"ಇದನ್ನ ನೋಡೇ!" ಎಂದು ಕರಿಯನನ್ನು ಅವಳ ಮುಖಕ್ಕೇ ಬಿಟ್ಟೆ.

ಅವಳು 'ಅಯ್ಯೋ' ಎಂದು ಕೈ ಅಡ್ಡ ಹಿಡಿದಳು. ಕೈ ಕಿವಿಗೆ ತಾಗಿತು. ಯಂತ್ರ ಹಾರಿತು. ಮೊಣಕೈ ಬಡಿದು, ಹೊಲಿಗೆ ಕೆಲಸದ ಡಬ್ಬಿ ಉರುಳಿ ಸಾವಿರ ಅಂಗಿ ಗುಂಡಿಗಳು ನೆಲದ ತುಂಬ ಹರಡಿದವು. ಹಿಡಿಯಲು ಹಾರಿದ ನಾನು ಸ್ಟೂಲನ್ನು ಒದ್ದೆ. ಬಲ್ಬು 'ಪಟ್' ಎಂದಿತು.

"ಕಾಲು ಎತ್ತಬೇಡಿ!" ಅವಳು ಕೂಗಿದಳು. "ತುಳಿದ್ರೆ ಅದರ ಕಥೆ ಮುಗೀತು. ಹುಡುಗಿ ಕಾಯ್ತಿರ್ತಾಳೆ ಕಣ್ರೀ..."

ಆ ಕೊನೆಯ ಮಾತಿನಲ್ಲಿ ಬೈಗುಳವಿರಲಿಲ್ಲ. ಬೈದಿದ್ದರೆ ನನಗೆ ಸುಖವಿತ್ತು.

"ಹೆದರ್ಬೇಡ, ನಾನಿದ್ದೀನಿ!" ಎಂದೆ. ಕೇಳಿಸಲಿಲ್ಲ. ತುಟಿ ನೋಡಿ ಅರ್ಥ ಮಾಡಿಕೊಳ್ಳುವವಳಿಗೆ ಕತ್ತಲಲ್ಲಿ ತುಟಿ ಎಲ್ಲಿ ಕಾಣಬೇಕು? ಕರಿಯನನ್ನು ನನ್ನ ಬಾಯಿಗೇ ಬಿಟ್ಟುಕೊಂಡು ಮತ್ತೆ ಅಂದೆ. ಅವಳಿಗೆ ಅರ್ಥವಾಯಿತು, ನನಗೆ ಕಣ್ಣು ಹೋಯಿತು. ಈಗ ಅವಳಿಗೆ ಕಿವಿಯಿಲ್ಲ, ನನಗೆ ಕಣ್ಣಿಲ್ಲ. ಇಂಥ ಜೋಡಿ ಹುಡುಕಲು ಹೊರಟಿತು!

ಕರಿಯನನ್ನು ನೆಲಕ್ಕೆ ಹಿಡಿದೆ. ಬಿಳಿ ನೆಲ, ಬಿಳಿ ಗೋಡೆ, ಬಿಳಿ ಗುಂಡಿ, ಎಲ್ಲ ಸೇರಿ ಒಂದೇ ಹಾಲಿನ ಸಮುದ್ರ. ಬೆಳಗಿನಿಂದ ಪರೀಕ್ಷೆಯಲ್ಲಿ ಬೆಂದಿದ್ದ ಕರಿಯ ಒಂದು ನಿಮಿಷಕ್ಕೇ ಮಂಕಾಗಿ, ಎರಡನೆಯ ನಿಮಿಷಕ್ಕೆ ಕಣ್ಮುಚ್ಚಿದ. ಮೊಬೈಲಿನ ದೀಪವೋ? ಮೂರೂ ಟಾರ್ಚುಗಳ ಫೋಟೋ ತೆಗೆದೂ ತೆಗೆದೂ ಅದು ಆಗಲೇ ಪ್ರಾಣ ಬಿಟ್ಟಿತ್ತು. ಜೇಬಿನಿಂದ ನೀಲಿಯನ್ನು ತೆಗೆದೆ. ಗಾಬರಿಯ ಬೆರಳು ಮೂರು ಸಲ ಒತ್ತಿತು. ಉಗ್ರಾಣವೆಲ್ಲ ಮಿಣಮಿಣ ಕುಣಿಯಿತು. ನಿಲ್ಲಿಸಲು ಹೋಗಿ ನಾಲ್ಕು ಸಲ ಒತ್ತಿದೆ. ಬೀಗ! ಆಮೇಲೆ ಎಷ್ಟು ಒತ್ತಿದರೂ ಎರಡು ಸಲ ಕಣ್ಣು ಹೊಡೆದು ಸುಮ್ಮನಾಗುತ್ತಿತ್ತು. ಬೀಗ ತೆಗೆಯುವ ಕ್ರಮ ನನ್ನ ಪಟ್ಟಿಯಲ್ಲಿ ಸ್ಪಷ್ಟವಾಗಿತ್ತು. ಪಟ್ಟಿ ಓದಲು ಟಾರ್ಚು ಬೇಕಿತ್ತು.

"ಆ ಚಿಕ್ಕದು ಕೊಡಿ ಇಲ್ಲಿ" ಎಂದಳು ಹೆಂಡತಿ.

"ಅದಕ್ಕೆ ಎರಡೇ ಮಾರ್ಕು!" ಎಂದೆ. ಕೇಳಿಸದಿದ್ದದ್ದು ನನ್ನ ಪುಣ್ಯ.

ಅವಳು ತಡಕಾಡಿ ಗಿಡ್ಡನನ್ನು ನನ್ನ ಜೇಬಿನಿಂದ ಕಿತ್ತುಕೊಂಡು, ನಿಂತಲ್ಲೇ ಕುಳಿತು, ಕತ್ತನ್ನು ಒಂದು ಕೂದಲೆಳೆಯಷ್ಟು ತಿರುಗಿಸಿ, ನೆಲದ ಮೇಲೆ ಅಡ್ಡಡ್ಡ ಮಲಗಿಸಿದಳು. ಮಂದ ಬೆಳಕು ನೆಲವನ್ನು ಸವರಿಕೊಂಡು ಹರಿಯಿತು. ಏನಾಶ್ಚರ್ಯ! ಒಂದೊಂದು ಗುಂಡಿಗೂ ಮೊಳದುದ್ದ ನೆರಳು ಹುಟ್ಟಿತು. ಚಪ್ಪಟೆ ಗುಂಡಿಗಳಿಗೆಲ್ಲ ತೆಳು ನೆರಳು. ಗೋಡೆಯ ಮೂಲೆಯಲ್ಲಿ ಒಂದಕ್ಕೆ ಮಾತ್ರ ಗುಂಡಗೆ, ದಪ್ಪಗೆ, ಹೊಟ್ಟೆ ಬಂದವನ ನೆರಳು.

"ಅಗೋ ಅಲ್ಲಿ" ಎಂದು ಕೈಚಾಚಿ ಎತ್ತಿಕೊಂಡು, ಸೆರಗಿನಲ್ಲಿ ಒರೆಸಿ, ಕಿವಿಗಿಟ್ಟುಕೊಂಡಳು. "ಮೂವತ್ತು ವರ್ಷ ಬಟ್ಟೆ ಹೊಲಿದಿದ್ದೀನಿ. ಬಿದ್ದ ಸೂಜಿ ಹುಡುಕೋದು ಹೀಗೇನೇ. ಮೇಲಿಂದ ಬೆಳಕು ಸುರಿದ್ರೆ ನೆರಳು ಸತ್ತುಹೋಗುತ್ತೆ ಕಣ್ರೀ. ನೆರಳಿಲ್ದೆ ಸೂಜಿ ಎಲ್ಲಿ ಕಾಣುತ್ತೆ?"

ಪಾಠ ಹೇಳುವ ಗಂಡಸು ಹುಟ್ಟಿಲ್ಲವೆಂದಿದ್ದೆನಲ್ಲ. ಹೆಂಗಸು ಹುಟ್ಟಿ, ನನ್ನನ್ನೇ ಕಟ್ಟಿಕೊಂಡು ನಲವತ್ತು ವರ್ಷವಾಗಿತ್ತು. ಅಷ್ಟು ವರ್ಷ ಊರವರ ಮೂಲೆಗಳಿಗೆಲ್ಲ ಬೆಳಕು ಬಿಟ್ಟವನು, ಮನೆಯೊಳಗೆ ಅವಳು ಮೊಣಕಾಲೂರಿ ಸೂಜಿ ಹುಡುಕುತ್ತಿದ್ದುದನ್ನು ಒಮ್ಮೆಯೂ ನಿಂತು ನೋಡಿರಲಿಲ್ಲ.

ನಾಲ್ಕಕ್ಕೆ ಎರಡು ನಿಮಿಷವಿರುವಾಗ ಏದುಸಿರು ಬಿಡುತ್ತ ಮುಂದಿನ ಸಾಲಿನಲ್ಲಿ ಕುಳಿತೆವು. ಮೊಮ್ಮಗಳು ವೇದಿಕೆಗೆ ಬಂದಳು. ಎರಡು ಸಾಲು ಸರಾಗ; ಮೂರನೆಯದಕ್ಕೆ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಹುಡುಗಿಯ ಕಣ್ಣು ಅಜ್ಜಿಯನ್ನು ಹುಡುಕಿತು. ಅಜ್ಜಿ ಅವಸರಪಡಲಿಲ್ಲ, ಎಡಗಿವಿಯನ್ನು ತುಸು ಮುಂದಕ್ಕೆ ಕೊಟ್ಟು, ಸಂಜೆಯವರೆಗೂ ಕಾಯುತ್ತೇನೆ ಎನ್ನುವಂತೆ ಕುಳಿತಿದ್ದಳು. ಹುಡುಗಿ ನಕ್ಕಳು. ಮಾತು ಬಿಡಿಸಿಕೊಂಡಿತು. ಪದ್ಯ ಕೊನೆಮುಟ್ಟಿತು. ನಾನು ಅಂಗೈ ಸುಡುವಷ್ಟು ಚಪ್ಪಾಳೆ ತಟ್ಟಿದೆ.

ಆಮೇಲೆ ಶಾಲೆಯ ಮುಖ್ಯಸ್ಥರ ಭಾಷಣ. ನನ್ನೊಳಗಿನ ಪಂಡಿತ ಮತ್ತೆ ಎದ್ದು ಕುಳಿತ. "ನಿಜ ಹೇಳ್ಬೇಕಂದ್ರೆ ಕರಿಯನ ಬ್ಯಾಟರಿ ಒಂದು ತುಂಬಿದ್ದಿದ್ರೆ..." ಎಂದು ಅವಳ ಕಿವಿಯಲ್ಲಿ ಶುರುಮಾಡಿದವನು ಮನೆಯವರೆಗೂ ನಿಲ್ಲಿಸಲಿಲ್ಲ. ದಾರಿಯುದ್ದಕ್ಕೂ ಅವಳು ನಗುನಗುತ್ತ ತಲೆಯಾಡಿಸಿದಳು. ಎಂಥ ಶ್ರದ್ಧೆಯ ಶ್ರೋತೃ!

ಮನೆ ಬಾಗಿಲಲ್ಲಿ ಕೇಳಿದೆ: "ಹಾಗಾದ್ರೆ ಯಾವ ಟಾರ್ಚು ಇಟ್ಕೊಳ್ಳೋಣ?"

ಅವಳು ಕಿವಿಯೊಳಗಿನ ಯಂತ್ರಕ್ಕೆ ಬೆರಳಿಟ್ಟು ಒಂದು ಸಲ ಒತ್ತಿದಳು. "ಏನಂದ್ರಿ? ಭಾಷಣ ಶುರುವಾದಾಗಲೇ ಆಫ್ ಮಾಡಿದ್ದೆ."

"ಮುಖ್ಯಸ್ಥರ ಭಾಷಣಾನಾ?"

"ನಿಮ್ಮದು. ನಿಮ್ಮ ಕರಿಯನಿಗಾದ್ರೂ ಬಿಸಿಯಾದ್ರೆ ತಾನಾಗೇ ಮಂಕಾಗೋ ಬುದ್ಧಿ ಇದೆ. ನಿಮಗಿಲ್ಲ ಅಂತ ಗೊತ್ತಿದ್ದೇ, ಗುಂಡಿ ನನ್ನ ಕಿವಿಗೆ ಇಟ್ಟಿದ್ದಾರೆ!"